ಡಿ5600ಗೆ ಒಂದೇ ಜೂಮ್ ಲೆನ್ಸ್: 18-400 ಬೇಡ ಶೆಟ್ರೇ

ಶೆಟ್ರೇ, ನಿಮ್ಮ ಪ್ರಶ್ನೆ ನೋಡಿದೆ. ನಿಕಾನ್ ಡಿ5600 ಕ್ಯಾಮೆರಾ ಇದೆ, ಅದರ ಜೊತೆ ಬಂದ 18-55 ಬಿಟ್ಟರೆ ಬೇರೆ ಲೆನ್ಸ್ ಇಲ್ಲ (ಈ ನಂಬರ್‌ಗಳು ಎಂಎಂ ಲೆಕ್ಕದ ಜೂಮ್, ನಂಬರ್ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಈಗ ಎಲ್ಲದಕ್ಕೂ ಆಗುವ ಒಂದೇ ಜೂಮ್ ಲೆನ್ಸ್ ಬೇಕು. ಸಹ್ಯಾದ್ರಿಯ ಟ್ರೆಕ್‌ಗೂ ಆಗಬೇಕು, ಮುಂಬೈಯ ಮಾಟುಂಗಾ ಕಡೆ ಯಕ್ಷಗಾನ ಇದ್ದಾಗಲೂ ಆಗಬೇಕು, ಚಳಿಗಾಲದಲ್ಲಿ ಫ್ಲೆಮಿಂಗೋ ನೋಡಲು ಹೋದಾಗಲೂ ಆಗಬೇಕು. ಡೊಂಬಿವಲಿಯಿಂದ ಲೋಕಲ್ ಹತ್ತಿ ಓಡಾಡುವವರು, ಭಾರ ಬೇಡ. ಇಪ್ಪತ್ತೈದು ಸಾವಿರ ದಾಟಬಾರದು. ಮೇಲೆ ಉತ್ತರ ಕೊಟ್ಟವರಲ್ಲಿ ಇಬ್ಬರು ಟ್ಯಾಮ್ರಾನ್ 18-400 ಅಂದಿದ್ದಾರೆ, ಒಬ್ಬರು ಟ್ಯಾಮ್ರಾನ್ 18-200 ಅಂದಿದ್ದಾರೆ.

ನನ್ನ ಸಲಹೆ ಬೇರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ನಿಕಾನ್ 18-140 ತಗೊಳ್ಳಿ. ಉಳಿಯುವ ದುಡ್ಡಿಗೆ ಅದೇ ಸೆಕೆಂಡ್ ಹ್ಯಾಂಡ್‌ನಲ್ಲಿ 50 ಎಂಎಂ ಎಫ್/1.8 ಜಿ ತಗೊಳ್ಳಿ (ಇದರಲ್ಲಿ ಜೂಮ್ ಇಲ್ಲ; ಎಫ್ ನಂಬರ್ ಸಣ್ಣದಾದಷ್ಟು ಒಳಗೆ ಬರುವ ಬೆಳಕು ಜಾಸ್ತಿ). ಒಂದೇ ಲೆನ್ಸ್ ಬೇಕು ಅಂದವರಿಗೆ ಎರಡು ಹೇಳುತ್ತಿದ್ದಾನಲ್ಲ ಅಂತ ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಮೂರು ಕೆಲಸದಲ್ಲಿ ಕಷ್ಟದ್ದು ಹಕ್ಕಿ ಅಂತ ಎಲ್ಲರೂ ಅಂದುಕೊಂಡು 300, 400 ಅಂತ ನಂಬರ್ ಏರಿಸುತ್ತಿದ್ದಾರೆ. ನಿಜವಾಗಿ ಕಷ್ಟದ್ದು ಯಕ್ಷಗಾನ. ಹಾಲ್ ಒಳಗೆ ಕಣ್ಣಿಗೆ ಬೆಳಕು ಜೋರಾಗಿ ಕಾಣುತ್ತದೆ, ಆದರೆ ಕ್ಯಾಮೆರಾಗೆ ಸಾಲುವುದಿಲ್ಲ. ವೇಷಧಾರಿ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವಾಗ ಸೆಕೆಂಡಿನ ಐನೂರನೇ ಒಂದು ಭಾಗದ ಆಸುಪಾಸು ಶಟರ್ ಇಡದಿದ್ದರೆ ಮುಖ, ಕಿರೀಟ ಎಲ್ಲ ಕಲಸಿಹೋಗುತ್ತದೆ. ಈ ಆಲ್-ಇನ್-ಒನ್ ಜೂಮ್‌ಗಳು 18ರಲ್ಲಿ ಎಫ್/3.5 ಇರುತ್ತವೆ, ಜೂಮ್ ಮಾಡುತ್ತಾ ಹೋದಂತೆ ಬೆಳಕಿನ ಕಿಂಡಿ ಕಿರಿದಾಗಿ ಕೊನೆಗೆ ಎಫ್/5.6 ಅಥವಾ 6.3ಕ್ಕೆ ಬಂದು ನಿಲ್ಲುತ್ತವೆ. ಟ್ಯಾಮ್ರಾನ್ 18-200, 18-400, ಸಿಗ್ಮಾ 18-300 ಕಂಟೆಂಪರರಿ, ಮೂರೂ 6.3. ನಿಕಾನ್ 18-140 ಕೊನೆಯಲ್ಲಿ 5.6. ಅದೇ 50 ಎಂಎಂ ಲೆನ್ಸನ್ನು ಎಫ್/2ಕ್ಕೆ ಇಟ್ಟರೆ 5.6ಕ್ಕಿಂತ ಎಂಟು ಪಟ್ಟು ಜಾಸ್ತಿ ಬೆಳಕು ಒಳಗೆ ಬರುತ್ತದೆ, 6.3ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು. ಅಂದರೆ ಜೂಮ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) 6400 ಬೇಕಾದ ಕಡೆ ಇದರಲ್ಲಿ 800 ಸಾಕು. 6400ರಲ್ಲಿ ಬಣ್ಣಗಾರಿಕೆಯ ಸಣ್ಣ ಗೆರೆಗಳು ಕಾಳುಕಾಳಾಗಿ ಹೋಗುತ್ತವೆ, 800ರಲ್ಲಿ ಮುಖದ ಚುಟ್ಟಿ (ಹಿಟ್ಟಿನ ಚುಕ್ಕೆ) ಎಣಿಸಬಹುದು.

ವಿಆರ್ ಇದೆಯಲ್ಲ, ವಿಸಿ ಇದೆಯಲ್ಲ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಎರಡೂ ಒಂದೇ, ನಿಕಾನ್‌ನವರು ವಿಆರ್ ಅನ್ನುತ್ತಾರೆ, ಟ್ಯಾಮ್ರಾನ್‌ನವರು ವಿಸಿ ಅನ್ನುತ್ತಾರೆ. ಅದು ನಮ್ಮ ಕೈ ನಡುಗಿ ಫೋಟೋ ಕಲಸಿಹೋಗುವುದನ್ನು ತಡೆಯುತ್ತದೆ ಅಷ್ಟೇ. ಕುಣಿಯುವವರನ್ನು ಅದು ನಿಲ್ಲಿಸುವುದಿಲ್ಲ. ದೇವಸ್ಥಾನದ ಒಳಗಿನ ಕಂಬ ತೆಗೆಯಲು ವಿಆರ್ ದೊಡ್ಡ ಸಹಾಯ, ರಂಗಸ್ಥಳದಲ್ಲಿ ಅದರಿಂದ ಏನೂ ಆಗುವುದಿಲ್ಲ. ಇನ್ನೊಂದು, ಎಫ್/6.3ರಲ್ಲಿ ಬೆಳಕು ಕಡಿಮೆ ಇರುವ ಕಡೆ ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ. ಆ ಒಂದು ಸೆಕೆಂಡಿನಲ್ಲಿ ಧೀಂಗಿಣ ಮುಗಿದೇಹೋಗುತ್ತದೆ.

50 ತಗೊಳ್ಳುವಾಗ ಒಂದು ಎಚ್ಚರಿಕೆ. ಎಫ್/1.8 ಡಿ ಅಂತ ಇನ್ನೊಂದು ಹಳೇ ಲೆನ್ಸ್ ಇದೆ, ಇನ್ನೂ ಅಗ್ಗ. ಅದು ಬೇಡ. ಡಿ5600 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಮೋಟಾರ್ ಲೆನ್ಸ್ ಒಳಗೇ ಇರಬೇಕು. ಡಿ ಹಾಕಿದರೆ ಫೋಕಸ್ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಲೆನ್ಸ್ ಮೇಲೆ ಎಎಫ್-ಎಸ್ ಅಂತ ಬರೆದಿದೆಯಾ ನೋಡಿ.

ಈಗ ಹಕ್ಕಿಗೆ ಬರೋಣ. 140 ಸಾಲುತ್ತದಾ ಅಂತ ನಿಮಗೆ ಅನುಮಾನ ಬಂದೇ ಬರುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ. 140ರಲ್ಲಿ ತೆಗೆದ ಫೋಟೋವನ್ನು 200ರಲ್ಲಿ ತೆಗೆದಷ್ಟು ಹತ್ತಿರ ಕಾಣುವಂತೆ ಕ್ರಾಪ್ ಮಾಡಿದರೆ ಸುಮಾರು 12 ಮೆಗಾಪಿಕ್ಸೆಲ್ ಉಳಿಯುತ್ತದೆ. ಎ4 ಅಳತೆಯಲ್ಲಿ ಒಳ್ಳೆ ಪ್ರಿಂಟ್ ಹಾಕಿಸಲು 9 ಸಾಕು. ಹಾಗಾಗಿ 140ಕ್ಕೂ 200ಕ್ಕೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 300ರಷ್ಟಕ್ಕೆ ಕ್ರಾಪ್ ಮಾಡಿದರೆ ಮಾತ್ರ ಐದಕ್ಕೆ ಇಳಿಯುತ್ತದೆ, ವಾಟ್ಸಾಪ್‌ಗೆ ಪರವಾಗಿಲ್ಲ, ಗೋಡೆಗೆ ಆಗುವುದಿಲ್ಲ. ಅದೂ ಅಲ್ಲದೆ ಈ ಥರದ ಜೂಮ್‌ಗಳಲ್ಲಿ 200 ಅಂತ ಬರೆದಿದ್ದರೂ ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಅಷ್ಟು ಜೂಮ್ ಸಿಗುವುದಿಲ್ಲ, ದೂರದ್ದಕ್ಕೆ ಮಾತ್ರ ಪೂರ್ತಿ ಸಿಗುವುದು.

ಫ್ಲೆಮಿಂಗೋಗೆ ಲೆನ್ಸ್‌ಗಿಂತ ಹೊತ್ತು ಮುಖ್ಯ. ಠಾಣೆ ಕ್ರೀಕ್‌ನಲ್ಲಿ ಐರೋಲಿಯಿಂದ ಅರಣ್ಯ ಇಲಾಖೆಯ ಬೋಟ್ ಇದೆಯಲ್ಲ, ಅದರಲ್ಲಿ ಹೋದರೆ ದಡದಿಂದ ನೋಡುವುದಕ್ಕಿಂತ ಎಷ್ಟೋ ಹತ್ತಿರ ಸಿಗುತ್ತವೆ. ದಡದಿಂದಲೇ ತೆಗೆಯುವುದಾದರೆ ಭರತ ಇಳಿತದ ಸಮಯ ನೋಡಿಕೊಂಡು ಹೋಗಿ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರಿನಲ್ಲಿ ಬಹಳ ದೂರ ಹರಡಿಕೊಂಡಿರುತ್ತವೆ, ಏರುತ್ತಾ ಬಂದಂತೆ ದಡದ ಕಡೆ ಸರಿಯುತ್ತವೆ. ಹಿಂಡಿನ ಫೋಟೋ, ಹಿಂದೆ ಕಟ್ಟಡಗಳ ಸಾಲು, ಇದಕ್ಕೆ 140 ಚೆನ್ನಾಗಿಯೇ ಆಗುತ್ತದೆ. ಒಂದೇ ಹಕ್ಕಿಯ ಕಣ್ಣು ಕಾಣಬೇಕು ಅಂದರೆ 400 ಕೂಡ ಸಾಲದು. ಮುಂದೆ ಹಕ್ಕಿಯ ಹುಚ್ಚು ನಿಜವಾಗಿ ಹಿಡಿದರೆ ಎಎಫ್-ಪಿ 70-300 ವಿಆರ್ ಸೇರಿಸಿಕೊಳ್ಳಿ. ವಿಆರ್ ಇಲ್ಲದ್ದೂ ಒಂದಿದೆ, ನೋಡಲು ಎರಡೂ ಒಂದೇ ಥರ. ಹೆಸರು ಓದಿ ತಗೊಳ್ಳಿ.

ಟ್ರೆಕ್‌ಗೆ ಮಾತ್ರ ಆಲ್-ಇನ್-ಒನ್ ಜೂಮ್ ನಿಜಕ್ಕೂ ಕೈ ಹಿಡಿಯುತ್ತದೆ, ನಿಮ್ಮ ಆಸೆ ಸರಿಯಾಗಿಯೇ ಇದೆ. ಹರಿಶ್ಚಂದ್ರಗಡದ ಕೊಂಕಣ ಕಡಾದ ಅಂಚಿನಲ್ಲಿ, ಆ ಗಾಳಿಯಲ್ಲಿ, ಯಾರು ಲೆನ್ಸ್ ಬದಲಿಸುತ್ತಾ ಕೂರುತ್ತಾರೆ ಹೇಳಿ? ಸೆನ್ಸರ್ ಮೇಲೆ ಧೂಳು ಕೂತರೆ ಆಕಾಶದ ಪ್ರತಿ ಫೋಟೋದಲ್ಲೂ ಕಪ್ಪು ಚುಕ್ಕೆ. 18ರಲ್ಲಿ ಇಡೀ ಕಣಿವೆ ಬರುತ್ತದೆ, ಅಲ್ಲೇ ನಿಂತು 140ಕ್ಕೆ ತಿರುಗಿಸಿದರೆ ಎದುರಿನ ಗುಡ್ಡದ ಮೇಲಿನ ಕಾಲುದಾರಿ ಬರುತ್ತದೆ. ಹಗಲು ಬೆಳಕಿನಲ್ಲಿ ಎಫ್/8ಕ್ಕೆ ಇಡಿ, ಈ ಲೆನ್ಸ್‌ಗಳು ಅಲ್ಲಿ ಚೆನ್ನಾಗಿ ಚೂಪಾಗಿ ಬರುತ್ತವೆ.

ಭಾರ ನೋಡಿ. ಟ್ಯಾಮ್ರಾನ್ 18-200 ವಿಸಿ 400 ಗ್ರಾಂ, ನಿಕಾನ್ 18-140 490 ಗ್ರಾಂ, ಸಿಗ್ಮಾ 18-300 585 ಗ್ರಾಂ, ಟ್ಯಾಮ್ರಾನ್ 18-400 ಏಳುನೂರು ದಾಟುತ್ತದೆ. ನಿಮ್ಮ ಬಾಡಿ ಬ್ಯಾಟರಿ ಸಮೇತ 465. ಬಾಡಿಗಿಂತ ಲೆನ್ಸ್ ಇಷ್ಟು ಭಾರ ಆದರೆ ಕತ್ತಿಗೆ ನೇತು ಹಾಕಿಕೊಂಡಾಗ ಮೂತಿ ಕೆಳಗೆ ಮಾಡಿ ಜೋತಾಡುತ್ತಿರುತ್ತದೆ, ಬಂಡೆ ಹತ್ತುವಾಗ ತಾಗುತ್ತದೆ. ಬೆಲೆಯಲ್ಲೂ 18-400 ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಇದ್ದುದರಲ್ಲೇ ಅಗ್ಗ, ಹಗುರ ಇರುವ ಟ್ಯಾಮ್ರಾನ್ 18-200 ಯಾಕೆ ಬೇಡ? ಕೆಟ್ಟ ಲೆನ್ಸ್ ಅಲ್ಲ. ಹೊಸದೇ ಬೇಕು, ಬಿಲ್ಲು ವಾರಂಟಿ ಬೇಕು, ಯಕ್ಷಗಾನ ಫೋನಿನಲ್ಲೇ ತೆಗೆದುಕೊಳ್ಳುತ್ತೇನೆ ಅನ್ನುವುದಾದರೆ ಅದನ್ನೇ ತಗೊಳ್ಳಿ, ಸುಮ್ನೆ ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಜೂಮ್ ಮಾಡಿದಾಗ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ. ಇದು ಆ ಕಂಪನಿಯ ತಪ್ಪಲ್ಲ, ಈ ಜಾತಿಯ ಲೆನ್ಸ್‌ನ ಗುಣವೇ ಹಾಗೆ. ಅಗಲ ನೋಟಕ್ಕೂ ದೂರದ ನೋಟಕ್ಕೂ ಅದದೇ ಗಾಜುಗಳು ಹಿಂದೆ ಮುಂದೆ ಸರಿದು ಕೆಲಸ ಮಾಡಬೇಕು. ಎಷ್ಟು ಪಟ್ಟು ಜೂಮ್ ಜಾಸ್ತಿ ಕೇಳುತ್ತೀರೋ ಅಷ್ಟು ರಾಜಿ ಜಾಸ್ತಿ. 18-140 ಅಂದರೆ ಎಂಟು ಪಟ್ಟಿಗೂ ಕಡಿಮೆ, 18-200 ಹನ್ನೊಂದು, 18-400 ಇಪ್ಪತ್ತೆರಡು. 18ರಲ್ಲಿ ಕೋಟೆಯ ಗೋಡೆ ಹೊರಕ್ಕೆ ಉಬ್ಬಿದಂತೆ ಕಾಣುವುದು, ಜೂಮ್ ಮಾಡಿದಾಗ ಒಳಕ್ಕೆ ಬಾಗುವುದು ಎಲ್ಲದರಲ್ಲೂ ಇದೆ. ನಿಕಾನ್ ಲೆನ್ಸ್ ಆದರೆ ಡಿ5600ರಲ್ಲಿ ಆಟೋ ಡಿಸ್ಟಾರ್ಷನ್ ಕಂಟ್ರೋಲ್ ಆನ್ ಮಾಡಿಟ್ಟರೆ ಜೆಪೆಗ್‌ನಲ್ಲಿ ಕ್ಯಾಮೆರಾವೇ ಸರಿ ಮಾಡಿ ಕೊಡುತ್ತದೆ.

ಟ್ಯಾಮ್ರಾನೇ ಅಂತ ತೀರ್ಮಾನ ಮಾಡಿದರೆ ಇದನ್ನು ಮರೆಯಬೇಡಿ. 18-200 ಅನ್ನುವ ಹೆಸರಿನಲ್ಲಿ ಅವರದು ಎರಡು ಪೀಳಿಗೆ ಇವೆ. 2015ರಲ್ಲಿ ಬಂದದ್ದು ಬಿ018, ಅದರಲ್ಲಿ ವಿಸಿ ಇದೆ. ಅದಕ್ಕಿಂತ ಹತ್ತು ವರ್ಷ ಹಳೆಯದು ಎ14, ಅದರಲ್ಲಿ ವಿಸಿ ಇಲ್ಲ, ನಿಕಾನ್‌ಗೆ ಬಂದ ಮೊದಲಿನವುಗಳಲ್ಲಿ ಮೋಟಾರೂ ಇಲ್ಲ. ಆನ್‌ಲೈನ್‌ನಲ್ಲಿ ಬಹಳ ಕಡಿಮೆ ಬೆಲೆಗೆ 18-200 ಕಂಡರೆ ಹೆಚ್ಚಾಗಿ ಅದು ಹಳೆಯದೇ. ಲೆನ್ಸ್ ಮೇಲೆ ವಿಸಿ ಅಂತ ಇದೆಯಾ ನೋಡಿ, ಇಲ್ಲದಿದ್ದರೆ ಮುಟ್ಟಬೇಡಿ.

ಎಲ್ಲಿ ನೋಡುವುದು? ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಇಳಿದು ಡಿ.ಎನ್. ರೋಡ್, ಬೋರಾ ಬಜಾರ್ ಕಡೆ ನಡೆಯಿರಿ, ಕ್ಯಾಮೆರಾ ಅಂಗಡಿಗಳು ಒಟ್ಟಿಗೆ ಸಿಗುತ್ತವೆ. ಭಾನುವಾರ ಹೋಗಬೇಡಿ, ಹೆಚ್ಚಿನವು ಮುಚ್ಚಿರುತ್ತವೆ. ಜನ ಹೊಸ ಥರದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿರುವುದರಿಂದ 18-140 ಈಗ ಸುಲಭವಾಗಿ ಸಿಗುತ್ತದೆ, 2013ರಿಂದ ಎಷ್ಟೋ ಬಾಡಿಗಳ ಜೊತೆ ಕಿಟ್ ಆಗಿ ಬಂದ ಲೆನ್ಸ್ ಅದು. ಹಾಗಾಗಿ ಮೊದಲ ಅಂಗಡಿಯಲ್ಲೇ ದುಡ್ಡು ಕೊಡಬೇಡಿ, ನಾಲ್ಕು ಕಡೆ ಕೇಳಿ. ಹೊಸದು ತಗೊಂಡರೆ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಅಂದರೆ ಒಪ್ಪಬೇಡಿ, ಆಮೇಲೆ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ ನಮ್ಮ ಮುಂಬೈಯಲ್ಲಿ ಮೊದಲು ನೋಡಬೇಕಾದ್ದು ಫಂಗಸ್. ನಾಲ್ಕು ತಿಂಗಳ ಮಳೆ, ಸಮುದ್ರದ ತೇವ, ಕಪಾಟಿನಲ್ಲಿ ಬ್ಯಾಗ್ ಒಳಗೇ ಇಟ್ಟ ಲೆನ್ಸ್ ಬೇಗ ಹಾಳಾಗುತ್ತದೆ. ಲೆನ್ಸ್ ಬಿಚ್ಚಿ, ಹಿಂದೆ ಇರುವ ಸಣ್ಣ ಲಿವರ್ ಸರಿಸಿ ಕಿಂಡಿ ಪೂರ್ತಿ ತೆರೆಯಿರಿ, ಒಂದು ಕಡೆಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ವಾಪಸ್ ಕೊಟ್ಟುಬಿಡಿ, ಎಷ್ಟೇ ಇಳಿಸಿದರೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಆಮೇಲೆ ಫಿಲ್ಟರ್ ಹಾಕುವ ಅಂಚು ನೋಡಿ, ಅಲ್ಲಿ ನೆಗ್ಗಿದ್ದರೆ ಲೆನ್ಸ್ ಬಿದ್ದಿದೆ ಅಂತ ಅರ್ಥ. ಜೂಮ್ ರಿಂಗ್ ಇಡೀ ಸುತ್ತು ಒಂದೇ ಬಿಗಿಯಲ್ಲಿ ತಿರುಗಬೇಕು. ಮೂತಿ ಕೆಳಗೆ ಮಾಡಿ ಹಿಡಿಯಿರಿ, ತಾನಾಗೇ ಜಾರಿ ಉದ್ದವಾದರೆ ಬಳಸಿ ಸವೆದಿದೆ.

ನಿಮ್ಮ ಬಾಡಿ, ಖಾಲಿ ಕಾರ್ಡ್ ಜೊತೆಗಿರಲಿ. ಎದುರಿನ ಕಟ್ಟಡದ ಗೋಡೆಯನ್ನು ನೇರವಾಗಿ ನಿಂತು 18ರಲ್ಲಿ, 50ರಲ್ಲಿ, 140ರಲ್ಲಿ ಎಫ್/5.6 ಇಟ್ಟು ತೆಗೆಯಿರಿ. ಹಿಗ್ಗಿಸಿ ನಾಲ್ಕೂ ಮೂಲೆ ನೋಡಿ. ನಾಲ್ಕೂ ಒಂದೇ ರೀತಿ ಸ್ವಲ್ಪ ಮೆತ್ತಗಿದ್ದರೆ ಸರಿ, ಒಂದು ಕಡೆ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಬೇಡ. ವಿಆರ್ ನೋಡಲು 140ರಲ್ಲಿ ಮೂವತ್ತನೇ ಒಂದು ಸೆಕೆಂಡ್ ಇಟ್ಟು ಆನ್ ಮಾಡಿ ಕೆಲವು, ಆಫ್ ಮಾಡಿ ಕೆಲವು ತೆಗೆಯಿರಿ. ವ್ಯತ್ಯಾಸ ಎದ್ದು ಕಾಣಬೇಕು.

ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಒಳಗೊಂದು ಸಣ್ಣ ಹೈಗ್ರೋಮೀಟರ್ (ತೇವ ಅಳೆಯುವ ಮೀಟರ್) ಇರಲಿ, ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಈ ಜೂಮ್‌ಗಳು ಉದ್ದವಾಗಿ ಗಿಡ್ಡವಾಗಿ ಆಗುವಾಗ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತವೆ, 18-140ಗೆ ಮಳೆಯ ರಕ್ಷಣೆಯೂ ಇಲ್ಲ. ಅದಕ್ಕೆ ಜುಲೈಯ ಟ್ರೆಕ್‌ನಲ್ಲಿ ಮಂಜಿನೊಳಗೆ ಜಾಸ್ತಿ ಜೂಮ್ ತಿರುಗಿಸಬೇಡಿ. ಎಸಿ ಲೋಕಲ್‌ನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಗಾಜಿನ ಮೇಲೆ ಹನಿ ಕೂರುತ್ತದೆ. ಬ್ಯಾಗ್ ಮುಚ್ಚಿಯೇ ಇಪ್ಪತ್ತು ನಿಮಿಷ ಬಿಟ್ಟು ತೆಗೆಯಿರಿ.

ಲೆನ್ಸ್ ಮುಂದೆ ನೆರಳಿಗೆ ಹಾಕುವ ಹುಡ್ 18-140 ಜೊತೆ ಬರುವುದಿಲ್ಲ. ಎಚ್‌ಬಿ-32 ಅಂತ ಕೇಳಿ, ಅಗ್ಗದ ಬೇರೆ ಕಂಪನಿಯದಾದರೂ ನಡೆಯುತ್ತದೆ. ಫಿಲ್ಟರ್ ಬೇಕಾದರೆ 67 ಎಂಎಂ, ನಿಮ್ಮ 18-55ರದು ಇದಕ್ಕೆ ಕೂರುವುದಿಲ್ಲ. ಹೋಗುವ ದಿನ ಇಲ್ಲಿ ಹೇಳಿ, ಫೋರ್ಟ್ ಕಡೆ ಕೆಲಸ ಮಾಡುವವರು ಗುಂಪಿನಲ್ಲಿ ಇದ್ದಾರೆ, ಊಟದ ಹೊತ್ತಿಗೆ ಯಾರಾದರೂ ಜೊತೆಗೆ ಬರಬಹುದು.