ಡಿಪ್ಲೊಮಾ ನಂತರ ಅಪ್ರೆಂಟಿಸ್ ತರಬೇತಿಯೋ, ಬಿ.ಇ.ಯೋ?

ಮಂಡ್ಯದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿರುವ ತಾವು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಸೇರಬೇಕೇ ಅಥವಾ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ.ಗೆ ಹೋಗಬೇಕೇ ಎಂದು ಕೇಳಿದ್ದೀರಿ. ಮನೆಗೆ ಈಗಲೇ ನಾಲ್ಕು ಕಾಸು ಬರಬೇಕಾಗಿದೆ ಎಂದೂ ಬರೆದಿರುವುದರಿಂದ, ಮೊದಲು ತರಬೇತಿಗೆ ಸೇರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ ಕೊಡುವ ಡಿಸಿಇಟಿಯನ್ನು ಮುಂದಿನ ವರ್ಷವೂ ಬರೆಯಬಹುದು.

ಆದರೆ ಸಹಿ ಹಾಕುವ ಮುನ್ನ ಒಪ್ಪಂದಪತ್ರವನ್ನು ಪೂರ್ತಿ ಓದಿ, ಅದು 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿಯಾಗುವುದೇ ಎಂದು ಕೇಳಿ ತಿಳಿದುಕೊಳ್ಳಿ. ನಾನು ಕಾಲೇಜು ಬಿಟ್ಟ ವರ್ಷ ‘ಟ್ರೈನಿ’ ಎಂಬ ಹೆಸರು ನೋಡಿ ಗುತ್ತಿಗೆದಾರರೊಬ್ಬರ ಕಾಗದಕ್ಕೆ ಸಹಿ ಹಾಕಿದೆ. ಹನ್ನೊಂದು ತಿಂಗಳು ಪೆಟ್ಟಿಗೆ ಕಟ್ಟುವ ಕೆಲಸವನ್ನೇ ಮಾಡಿ, ಕೊನೆಗೆ ಪ್ರಮಾಣಪತ್ರವೂ ಇಲ್ಲದೆ ಹೊರಬಂದ ನೋವು ಇನ್ನೂ ಮರೆತಿಲ್ಲ. ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಎಂದರೆ ಕಲಿಯುವವರೇ ಹೊರತು ಕಾರ್ಮಿಕರಲ್ಲ. ಆದ್ದರಿಂದ ಶಿಷ್ಯವೇತನ ಸಿಗುತ್ತದೆ, ಆದರೆ ಒಪ್ಪಂದದಲ್ಲಿ ಬರೆದಿರದಿದ್ದರೆ ತರಬೇತಿಯ ನಂತರ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಾರ್ಖಾನೆಗೆ ಇರುವುದಿಲ್ಲ.

ಹೀಗಾಗಿ ಆ ಒಂದು ವರ್ಷದಲ್ಲಿ ಏನು ಕಲಿಯುತ್ತೀರಿ ಎಂಬುದೇ ಮುಖ್ಯ. ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿದು ಅಳೆಯುವುದು, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದಲ್ಲಿ ಟೂಲ್ ಆಫ್‌ಸೆಟ್ (ಕತ್ತರಿಸುವ ಉಪಕರಣದ ಅಳತೆಯ ಹೊಂದಾಣಿಕೆ) ಸರಿಪಡಿಸುವುದು, ಇವನ್ನು ಅನುಭವಿ ಆಪರೇಟರುಗಳ ಪಕ್ಕದಲ್ಲಿ ನಿಂತು ಕೇಳಿ ಕಲಿಯಿರಿ. ಅವರು ಸಂಕೋಚವಿಲ್ಲದೆ ಹೇಳಿಕೊಡುತ್ತಾರೆ. ದಿನವೂ ಮಾಡಿದ್ದನ್ನು ಪುಸ್ತಕವೊಂದರಲ್ಲಿ ಬರೆದಿಟ್ಟರೆ, ಮುಂದಿನ ಸಂದರ್ಶನದಲ್ಲಿ ಅನುಭವದ ಬಗ್ಗೆ ಕೇಳಿದಾಗ ತಡವರಿಸಬೇಕಾಗುವುದಿಲ್ಲ. ಮಂಡ್ಯದಿಂದ ರೈಲಿನಲ್ಲಿ ದಿನವೂ ಓಡಾಡಬಹುದು, ಆದರೆ ರಾತ್ರಿ ಪಾಳಿ ಇದೆಯೇ ಎಂದು ಮೊದಲೇ ವಿಚಾರಿಸಿ.