ಅಸಿಟೋನ್, ಆಸಿಡ್ ಎರಡಕ್ಕೂ ಒಂದೇ ನೈಟ್ರೈಲ್ ಗ್ಲೌಸ್ ಸಾಕಾ?

ಸಾಲದು. ಬಳಸಿ ಬಿಸಾಡುವ 0.1 ಮಿ.ಮೀ. ದಪ್ಪದ ನೈಟ್ರೈಲ್ (ಒಂದು ಕೃತಕ ರಬ್ಬರ್) ಗ್ಲೌಸನ್ನು ಅಸಿಟೋನ್ ಎಂಬ ದ್ರಾವಕ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಎಲ್ಲೂ ತೂತು ಕಾಣುವುದಿಲ್ಲ, ಅಣುಗಳು ರಬ್ಬರಿನ ಮೂಲಕವೇ ಹಾದು ಚರ್ಮ ಸೇರುತ್ತವೆ. ಅಸಿಟೋನ್‌ಗೆ ಬ್ಯುಟೈಲ್ ರಬ್ಬರ್ ಬೇಕು. ಅದೇ ಬ್ಯುಟೈಲ್ ಪೆಟ್ರೋಲ್, ಹೆಕ್ಸೇನ್ ಎದುರು ನಿಲ್ಲುವುದಿಲ್ಲ. ಅಲ್ಲಿ ದಪ್ಪ ನೈಟ್ರೈಲೇ ಸರಿ.

ಆಸಿಡ್ ವಿಷಯದಲ್ಲಿ ಸಾಂದ್ರತೆ ನೋಡಿ. ದುರ್ಬಲ ಸಲ್ಫ್ಯೂರಿಕ್ ಆಸಿಡನ್ನು ತಡೆಯುವ ನೈಟ್ರೈಲ್, 98% ಆಸಿಡ್ ಬಿದ್ದರೆ ಬೇಗ ಹಾಳಾಗುತ್ತದೆ. ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದ (SDS) 8ನೇ ವಿಭಾಗ ಓದಿ, ಆಮೇಲೆ ಗ್ಲೌಸ್ ತಯಾರಕರ ಪಟ್ಟಿಯಲ್ಲಿ ನಿಮ್ಮ ರಾಸಾಯನಿಕ ಎಷ್ಟು ನಿಮಿಷಕ್ಕೆ ಒಳತೂರುತ್ತದೆ ಎಂದು ನೋಡಿ. ಬರೀ ‘ಕೆಮಿಕಲ್ ಗ್ಲೌಸ್’ ಎಂಬ ಲೇಬಲ್ ನಂಬಬೇಡಿ.

ಮೈ ಮುಚ್ಚುವ ರಕ್ಷಣಾ ಸೂಟ್: ಸಣ್ಣ ಸಿಡಿತಕ್ಕೆ ‘ಟೈಪ್ 6’ ದರ್ಜೆಯದು, ಒತ್ತಡದಲ್ಲಿ ಚಿಮ್ಮುವ ದ್ರವಕ್ಕೆ ಟೈಪ್ 3. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ, ಇಲ್ಲದಿದ್ದರೆ ಸುರಿದದ್ದೆಲ್ಲ ಬೂಟಿನೊಳಗೇ ಇಳಿಯುತ್ತದೆ.