ಸೈಕಲ್ ತುಳಿದು ದುಡ್ಡು ಎತ್ತುವುದು ಶೋಕಿಯೇ?

"ಮಗುವೊಂದರ ಆಪರೇಶನ್‌ಗೆಂದು ನಮ್ಮೂರ ಹುಡುಗರು ಕುಂಬಳೆಯಿಂದ ಬೇಕಲಕ್ಕೆ ಸೈಕಲ್ ತುಳಿದರು. ಕಿಲೋಮೀಟರಿಗೆ ಇಷ್ಟು ಅಂತ ಹಣ ಎತ್ತಿದರು. ಟೀ ಶರ್ಟ್, ಬ್ಯಾನರಿಗೆ ಹಾಕಿದ ದುಡ್ಡನ್ನೇ ಆ ಮನೆಗೆ ಕೊಡಬಹುದಿತ್ತಲ್ಲ? ಇದೆಲ್ಲ ಬರೀ ಶೋಕಿ."
– ಬದಿಯಡ್ಕದ ಓದುಗರೊಬ್ಬರು

ಸಂಪಾದಕರ ಉತ್ತರ: ಲೆಕ್ಕ ಕೇಳುವ ಹಕ್ಕು ನಿಮಗಿದೆ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಅಂತ ಕ್ಲಬ್ಬಿನ ಬಾಗಿಲಲ್ಲೇ ಅಂಟಿಸಬೇಕು. ಒಪ್ಪಿದೆ. ಆದರೆ ಶೋಕಿ ಅಂದಿರಲ್ಲ, ಆ ಮಾತು ಬೇಡವಿತ್ತು. ನೀವು ನಮ್ಮ ಹಳೆಯ ಓದುಗರು, ಅದಕ್ಕೇ ಸಲಿಗೆಯಿಂದ ಹೇಳುತ್ತಿದ್ದೇನೆ.

ಕೆನಡಾದ ಟೆರ್ರಿ ಫಾಕ್ಸ್ ಕಥೆ ಗೊತ್ತಲ್ವಾ? ಕ್ಯಾನ್ಸರಿನಿಂದ ಬಲಗಾಲು ಹೋಗಿತ್ತು. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಬೇಕು ಅಂತ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನದಲ್ಲಿ 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡಾಗ ಅವನಿಗೆ ಬರೀ 22 ವರ್ಷ. ಕೆನಡಾದ ಒಬ್ಬೊಬ್ಬರಿಂದ ಒಂದೊಂದು ಡಾಲರ್ ಸಿಗಲಿ ಅನ್ನುವುದು ಅವನ ಆಸೆ. ಅವನಿರುವಾಗಲೇ 2 ಕೋಟಿ 40 ಲಕ್ಷ ಡಾಲರ್ ದಾಟಿತು. ಕೈ ಚಾಚಿ ಕೇಳಿದ್ದರೆ ಅಷ್ಟು ಬರುತ್ತಿತ್ತೇ? 2020ರಲ್ಲಿ ಇಂಗ್ಲೆಂಡಿನ ಟಾಮ್ ಮೂರ್ ಎಂಬ 99ರ ಅಜ್ಜ ವಾಕರ್ ಹಿಡಿದು ಮನೆಯಂಗಳದಲ್ಲೇ ನೂರು ಸುತ್ತು ನಡೆದರು. ಸಾವಿರ ಪೌಂಡ್ ಸಿಕ್ಕರೆ ಸಾಕು ಅಂದುಕೊಂಡಿದ್ದರು. ಬಂದದ್ದು 3 ಕೋಟಿಗೂ ಜಾಸ್ತಿ.

ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೋ, ಕೆಳಗೆ ಅಪ್ಪನ ಬ್ಯಾಂಕ್ ಖಾತೆ ನಂಬರು. ದಿನಾ ವಾಟ್ಸಾಪಿನಲ್ಲಿ ನೋಡುತ್ತೇವೆ. ಆ ಮಗು ನಾಳೆ ಶಾಲೆಗೆ ಹೋಗಬೇಕು. ಹುಡುಗರು ಸೈಕಲ್ ತುಳಿದಾಗ ಊರು ನೋಡಿದ್ದು ಅವರ ಬೆವರನ್ನು. ಮಗುವಿನ ಮುಖ ಯಾರೂ ನೋಡಲಿಲ್ಲ. ನನಗೆ ಅದೇ ದೊಡ್ಡದು.

ಇದು ನಮಗೆ ಹೊಸತೂ ಅಲ್ಲ. ಶಾಲೆ ಕಟ್ಟಲು ನಮ್ಮ ಅಜ್ಜಂದಿರು ಸಹಾಯಾರ್ಥ ಯಕ್ಷಗಾನ ಆಡಿಸಿದರು. ಈಗ ಬಿರಿಯಾನಿ ಮಾಡಿ ಮಾರಿ ಹಣ ಎತ್ತುವ ಬಿರಿಯಾನಿ ಚಾಲೆಂಜ್ ಇದೆ. ಖಾಸಗಿ ಬಸ್ಸುಗಳ ಕಾರುಣ್ಯ ಯಾತ್ರೆ ಇದೆ. ಆ ದಿನ ಟಿಕೆಟ್ ಹರಿಯುವುದಿಲ್ಲ, ಕಂಡಕ್ಟರ್ ಬಕೆಟ್ ಹಿಡಿದು ಬರುತ್ತಾನೆ. ಬೀಡಿ ಕಟ್ಟುವ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ ನೂರರ ನೋಟು ಹಾಕಿ, ಚಿಲ್ಲರೆ ಕೇಳದೆ ಸೀತಾಂಗೋಳಿಯಲ್ಲಿ ಇಳಿದು ಹೋದದ್ದನ್ನು ನಾನೇ ನೋಡಿದ್ದೇನೆ.

ಸಿಟ್ಟು ಮಾಡಲೇಬೇಕಾದ ಜಾಗ ಬೇರೆ ಇದೆ. ನಮ್ಮ ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ದೊಡ್ಡ ಕಾಯಿಲೆ ಬಂದರೆ ಇವತ್ತಿಗೂ ಮಂಗಳೂರೇ ಗತಿ. 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ. ಎಣ್ಮಕಜೆಯ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ವಿಷದಿಂದ ಕಾಯಿಲೆ ಬಿದ್ದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. 2022ರಲ್ಲಿ ಅದೇ ಕೋರ್ಟು ಕೇರಳ ಸರ್ಕಾರವನ್ನು ಮತ್ತೆ ಗದರಬೇಕಾಯಿತು. ಆಸ್ಪತ್ರೆಯೂ ಪರಿಹಾರವೂ ಹೊತ್ತಿಗೆ ಸಿಕ್ಕಿದ್ದರೆ ನಮ್ಮ ಹುಡುಗರು ಸುಮ್ನೆ ಖುಷಿಗೆ ಸೈಕಲ್ ತುಳಿಯುತ್ತಿದ್ದರು.

ನಿಮ್ಮ ಬರವಣಿಗೆ ಚುರುಕಾಗಿದೆ. ಮುಂದಿನ ಪತ್ರ ಆರೋಗ್ಯ ಮಂತ್ರಿಗೆ ಬರೆಯಿರಿ. ನಕಲು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.